ಬೆಟ್ಟದೊಳಗಿನದು ಯಾರ ಪಾಲು?

ಕಡೂರು ಕಡೆಯ ಹೊಲದಲ್ಲಿ ಹುರುಳಿ ಗಿಡವೊಂದನ್ನು ಬೇರು ಹರಿಯದಂತೆ ಮೆಲ್ಲಗೆ ಕಿತ್ತು ಮಣ್ಣು ಕೊಡವಿದರೆ, ಎಳೆ ಬೇರುಗಳಿಗೆ ಸಾಸಿವೆ ಕಾಳಿನಷ್ಟು ದಪ್ಪದ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಚಿವುಟಿದರೆ ಒಳಗೆ ತೆಳುವಾದ ಕೆಂಪು. ಆ ಗಂಟಿನಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಹುರುಳಿ ಬೆಳೆದ ಮೇಲೆ ಅದೇ ಹೊಲದಲ್ಲಿ ರಾಗಿ ಚೆನ್ನಾಗಿ ಬರುತ್ತದೆ ಎಂಬುದು ರೈತರಿಗೆ ತಲೆಮಾರುಗಳಿಂದ ಗೊತ್ತು. ವಿಜ್ಞಾನಿಗಳು ಕಂಡುಕೊಂಡದ್ದು ಅದರ ಒಳಗುಟ್ಟನ್ನು: ಈ ಕೆಲಸ ಮಾಡುವ ಕಿಣ್ವದ ನಟ್ಟನಡುವೆ ಏಳು ಕಬ್ಬಿಣದ ಪರಮಾಣುಗಳ ಜೊತೆಗೆ ಒಂದೇ ಒಂದು ಮಾಲಿಬ್ಡಿನಂ ಪರಮಾಣು ಕೂತಿರುತ್ತದೆ. ಮಣ್ಣಿನಲ್ಲಿ ಈ ಲೋಹ ಸಿಗದಿದ್ದರೆ ಗಂಟು ಕಟ್ಟಿಯೂ ಗಿಡ ಹಳದಿಯಾಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದು ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಸುಣ್ಣ ಹಾಕಿದರೆ ದಕ್ಕುತ್ತದೆ. ಮನುಷ್ಯನ ಮೈಗೂ ಅದು ಬೇಕು. ದೊಡ್ಡವರಿಗೆ ದಿನಕ್ಕೆ 45 ಮೈಕ್ರೋಗ್ರಾಂ ಸಾಕು, ಅದು ಬರುವುದು ಹೆಚ್ಚಾಗಿ ಬೇಳೆಕಾಳಿನಿಂದಲೇ.

ಇದೇ ಲೋಹಕ್ಕಾಗಿ ಜಗತ್ತು ಬೆಟ್ಟ ಕಡಿಯುತ್ತಿದೆ. ಮಾಲಿಬ್ಡಿನಂ ಕರಗಬೇಕಾದರೆ ಕಾವು 2,600 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಉಕ್ಕಿಗೆ ಸ್ವಲ್ಪ ಬೆರೆಸಿದರೂ ಅದು ಬೆಂಕಿಯ ಕಾವಿನಲ್ಲಿ ಮೆತ್ತಗಾಗದೆ, ಉಪ್ಪುನೀರಿನಲ್ಲಿ ಸವೆಯದೆ ನಿಲ್ಲುತ್ತದೆ. ವಿದ್ಯುತ್ ಸ್ಥಾವರದ ಟರ್ಬೈನು, ತೈಲದ ಕೊಳವೆ, ಫಿರಂಗಿಯ ನಳಿಕೆ ಎಲ್ಲಕ್ಕೂ ಅದು ಬೇಕು. ಆದರೆ ಒಳ್ಳೆಯ ಅದಿರೆಂದರೂ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಒಂದೆರಡು ಕಿಲೋ, ಉಳಿದದ್ದೆಲ್ಲ ರಾಡಿ. ಅಮೆರಿಕದ ಕೊಲರಾಡೊದಲ್ಲಿ ಕ್ಲೈಮ್ಯಾಕ್ಸ್ ಎಂಬ ಗಣಿ ಬಾರ್ಟ್ಲೆಟ್ ಎಂಬ ಇಡೀ ಪರ್ವತದ ಮಗ್ಗುಲನ್ನೇ ಕುಸಿಯುವಂತೆ ಮಾಡಿದೆ. ಭಾರತ ತನಗೆ ಬೇಕಾದ ಮಾಲಿಬ್ಡಿನಂಗೆ ಹೊರದೇಶಗಳನ್ನೇ ನೆಚ್ಚಿಕೊಂಡಿದೆ. ತಮಿಳುನಾಡಿನ ಹರೂರು–ಊತ್ತಂಗರೈ ಪಟ್ಟಿಯಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದಕ್ಕಾಗಿ ಶೋಧ ನಡೆಸಿದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಅದೂ ಒಂದು. ಅದೇ ವರ್ಷ ಗಣಿ ಕಾಯ್ದೆಗೆ ತಂದ ತಿದ್ದುಪಡಿ ಇಂಥ ಖನಿಜಗಳ ಹರಾಜಿನ ಅಧಿಕಾರವನ್ನು ರಾಜ್ಯಗಳ ಕೈಯಿಂದ ಕೇಂದ್ರಕ್ಕೆ ಒಯ್ದಿತು.

ಅಲಾಸ್ಕದ ಗ್ಲೇಸಿಯರ್ ಬೇ ಎಂಬ ಕಡಲಚಾಚಿನಲ್ಲಿ ಈ ಲೋಹಕ್ಕೂ ಹಿಮನದಿಗೂ ಮುಖಾಮುಖಿಯಾಯಿತು. 1794ರಲ್ಲಿ ನಾವಿಕ ವ್ಯಾಂಕೂವರ್‌ನ ಹಡಗಿನವರು ಅಲ್ಲಿಗೆ ಬಂದಾಗ ಚಾಚಿನ ಬಾಯಿಯ ತನಕ ಹಿಮವೇ ತುಂಬಿತ್ತು. 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಹಿಮ ಅರವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಮುಂದಿನ ದಶಕಗಳಲ್ಲಿ ಹಿಮ ಇನ್ನಷ್ಟು ಕರಗಿತು. ಅದರ ನಡುವೆ ನೆತ್ತಿ ಮಾತ್ರ ತೋರುತ್ತಿದ್ದ ನೂನಟಾಕ್ ಎಂಬ ಗುಡ್ಡ ಮೈಪೂರ್ತಿ ಹೊರಬಿತ್ತು, ಅದರ ಬಂಡೆಯಲ್ಲಿ ಮಾಲಿಬ್ಡಿನಂ ಎಳೆಗಳು ಕಂಡವು. ಅದು ರಕ್ಷಿತ ಪ್ರದೇಶವಾಗಿದ್ದರೂ 1936ರಲ್ಲಿ ಅಮೆರಿಕದ ಸಂಸತ್ತು ಅಲ್ಲಿ ಗಣಿ ಹಕ್ಕಿಗೆ ಬಾಗಿಲು ತೆರೆದಿತ್ತು. 1976ರಲ್ಲಿ ಮತ್ತೆ ಮುಚ್ಚಿತು. ಗುಡ್ಡವನ್ನು ಕೊರೆದು ನೋಡಿದ್ದಾಯಿತು, ಗಣಿ ಮಾತ್ರ ಆಗಲಿಲ್ಲ.

ಆ ನೆಲದ ಹಳೆಯ ವಾರಸುದಾರರು ಹೂನಾ ಟ್ಲಿಂಗಿಟ್ ಜನ. ಹಿಮ ಹೇಗೆ ಬಂತೆಂಬುದಕ್ಕೆ ಅವರಲ್ಲಿ ಒಂದು ಕಥೆಯುಂಟು: ಮೈನೆರೆದು ಒಂಟಿಯಾಗಿ ಕೂತಿದ್ದ ಹುಡುಗಿಯೊಬ್ಬಳು ಬೇಸರದಲ್ಲಿ ಹಿಮನದಿಯನ್ನು ಹಗುರವಾಗಿ ಕರೆದಳು, ಅದು ಓಗೊಟ್ಟು ಊರ ಮೇಲೇ ಬಂತು. ಹದಿನೆಂಟನೇ ಶತಮಾನದಲ್ಲಿ ಹಿಮ ನಿಜಕ್ಕೂ ಮುನ್ನುಗ್ಗಿ ಅವರನ್ನು ಒಕ್ಕಲೆಬ್ಬಿಸಿತ್ತು. ಆ ಸೀಮೆಯ ಹಿಮನದಿಗಳ ಬಗ್ಗೆ ಮಾನವಶಾಸ್ತ್ರಜ್ಞೆ ಜೂಲಿ ಕ್ರೂಕ್‌ಶ್ಯಾಂಕ್ 2005ರಲ್ಲಿ ಬರೆದ ಪುಸ್ತಕದ ಹೆಸರೇ ಹಿಮನದಿಗಳು ಕಿವಿಗೊಡುತ್ತವೆಯೇ ಎಂದು ಕೇಳುತ್ತದೆ. ಹಿಮನದಿಯ ಹತ್ತಿರ ಕೊಬ್ಬಿನಲ್ಲಿ ಕರಿದು ಹುರಿದು ಅಡುಗೆ ಮಾಡಬಾರದು ಎಂಬ ಕಟ್ಟಳೆ ಅಲ್ಲಿನ ಜನರಲ್ಲಿದೆ. ಅದರ ವಾಸನೆ ಹಿಮನದಿಗೆ ಸೇರುವುದಿಲ್ಲವಂತೆ.

ಹಿಮ ಸರಿದು ಲೋಹ ಕಂಡಿತು. ಕಂಡಿತೆಂಬ ಕಾರಣಕ್ಕೆ ಅದು ತೆಗೆದುಕೊಳ್ಳಬಹುದಾದ ವಸ್ತುವಾಯಿತೇ? ಕಾಯ್ದೆ ಇದನ್ನು ಪರವಾನಗಿಯ ಪ್ರಶ್ನೆ ಮಾಡುತ್ತದೆ, ಅರ್ಥಶಾಸ್ತ್ರ ಲಾಭನಷ್ಟದ ಪ್ರಶ್ನೆ ಮಾಡುತ್ತದೆ. ಮೂಲದಲ್ಲಿ ಇದು ಧರ್ಮದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಅಲಾಸ್ಕಕ್ಕೆ ಹೋಗಬೇಕಾಗಿಲ್ಲ. ತರೀಕೆರೆ, ಕಡೂರು, ಅಜ್ಜಂಪುರಗಳ ಜನ ದಿನವೂ ಕಣ್ಣೆತ್ತಿ ನೋಡುವ ಚಂದ್ರದ್ರೋಣ ಪರ್ವತದಲ್ಲೇ ಈ ಪ್ರಶ್ನೆ ನೂರು ವರ್ಷದಿಂದ ನಿಂತಿದೆ.

ಈ ಬೆಟ್ಟಸಾಲಿನಲ್ಲಿ ಹಿಮವಿಲ್ಲ. ಹಿಮನದಿ ಮಾಡುವ ಕೆಲಸವನ್ನು ಇಲ್ಲಿ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ಮಾಡುತ್ತವೆ: ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯ ತನಕ ಎಳೆಎಳೆಯಾಗಿ ಬಿಡುವುದು. ಮುಳ್ಳಯ್ಯನಗಿರಿಯ ಪೂರ್ವದ ಮಗ್ಗುಲಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯನ್ನು ತುಂಬಿಸುತ್ತದೆ. ಅವತಿ ಹೊಳೆ ಮದಗದ ಕೆರೆಯನ್ನು ತುಂಬಿಸುತ್ತದೆ. ಆ ಕೆರೆಗೆ ಬಂದ ಮಳೆಯ ಜನಪದ ಹಾಡು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ಮಾರಿಕಣಿವೆಗೆ ಹರಿಯುತ್ತವೆ. ಅಲ್ಲಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ನಿಂತಿದೆ. ಮಲೆನಾಡಿನ ಬೆನ್ನಿಗೆ ಬಿದ್ದ ಮಳೆ ಬಯಲುಸೀಮೆಯ ಬಾಯಿಗೆ ಬರುವುದು ಈ ದಾರಿಯಲ್ಲಿ.

ಬೆಟ್ಟದ ಒಡಲಲ್ಲಿ ಇನ್ನೊಂದು ಚರಿತ್ರೆಯಿದೆ. ಭೂವಿಜ್ಞಾನಿಗಳು ಈ ಶಿಲಾಸಮೂಹವನ್ನು ಬಾಬಾಬುಡನ್ ಗುಂಪು ಎಂದು ಕರೆದು, ಅದರ ಪದರಗಳಿಗೆ ಕಾಲಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ಊರುಬೆಟ್ಟಗಳ ಹೆಸರನ್ನೇ ಇಟ್ಟಿದ್ದಾರೆ. ತರೀಕೆರೆ ತಾಲ್ಲೂಕಿನ ಸಂತವೇರಿ ಹಾಗೆ ಜಗತ್ತಿನ ಭೂವಿಜ್ಞಾನದ ಬರಹಗಳಲ್ಲಿ ಸೇರಿಕೊಂಡಿದೆ. ಮೇಲಿನ ಪದರದ ಪಟ್ಟೆಪಟ್ಟೆ ಕಬ್ಬಿಣದ ಶಿಲೆ ಸುಮಾರು 270 ಕೋಟಿ ವರ್ಷಗಳ ಹಿಂದಿನ ಕಡಲತಳ. ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ಪದರಪದರವಾಗಿ ತಳಕ್ಕಿಳಿದದ್ದು ಅದು. ಭೂಮಿಗೆ ಆಮ್ಲಜನಕ ಮೊದಲು ಬಂದದ್ದು ಯಾವಾಗ ಎಂದು ತಿಳಿಯಲು ವಿಜ್ಞಾನಿಗಳು ಹಳೆಯ ಜೇಡಿಶಿಲೆಗಳಲ್ಲಿ ಅಳೆಯುವ ಸಾಕ್ಷಿಗಳಲ್ಲಿ ಮಾಲಿಬ್ಡಿನಂ ಮುಖ್ಯವಾದುದು: ಆಮ್ಲಜನಕ ಸೋಕಿದರೆ ಮಾತ್ರ ಅದು ನೆಲದ ಕಲ್ಲಿನಿಂದ ಬಿಡಿಸಿಕೊಂಡು ಕಡಲಿಗೆ ಹರಿಯುತ್ತದೆ. ಉಸಿರಾಡುವ ಗಾಳಿಯ ಲೆಕ್ಕಪತ್ರ ಹೀಗೆ ಕಲ್ಲಿನಲ್ಲಿದೆ.

ಆ ಕಬ್ಬಿಣವನ್ನು ಮನುಷ್ಯ ತೆಗೆದ. 1918ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರ ಕಟ್ಟಲು ಆರಂಭಿಸಿದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಿತು. ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯದು. ಬೆಟ್ಟದ ಮೇಲಿನಿಂದ ತಂತಿಮಾರ್ಗದ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಹೋಗುತ್ತಿತ್ತು. ಕುಲುಮೆಗೆ ಕಲ್ಲಿದ್ದಲಿರಲಿಲ್ಲ, ಇದ್ದಿಲು ಹಾಕುತ್ತಿದ್ದರು. ಅದಕ್ಕೆ ಸುತ್ತಲ ಕಾಡಿನ ಮರ. ಹೀಗಾಗಿ ಒಂದು ಬೆಟ್ಟದ ಅದಿರು ಕರಗಲು ಹತ್ತು ಬೆಟ್ಟಗಳ ಕಾಡು ಬೇಕಾಯಿತು. ಇದನ್ನು ಬರೀ ದೂರಾಗಿ ಹೇಳಿದರೆ ತಪ್ಪಾಗುತ್ತದೆ. ಆ ಕಾರ್ಖಾನೆ ಒಂದು ನಾಡಿಗೆ ತನ್ನ ಕೈಯಲ್ಲಿ ತಾನು ಉಕ್ಕು ಮಾಡಬಹುದೆಂಬ ಧೈರ್ಯ ಕೊಟ್ಟಿತು, ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಭದ್ರಾವತಿಯ ಬೀದಿಗಿಳಿದ ಕಾರ್ಮಿಕರ ನೋವು ನಿಜವಾದದ್ದು. ಕೆಮ್ಮಣ್ಣುಗುಂಡಿಯ ಗಣಿ ಅದಕ್ಕೂ ಮೊದಲೇ ನಿಂತಿತ್ತು. ಇಂದು ಗುಲಾಬಿ ತೋಟ ನೋಡಲು ಬರುವವರಿಗೆ ಕಡಿದ ಬೆಟ್ಟದ ಮೆಟ್ಟಿಲು ಮೆಟ್ಟಿಲಾದ ಮೈ ಕಾಣುತ್ತದೆ. ಅದು ಗಣಿಯೆಂದು ಹೇಳಿದರಷ್ಟೇ ತಿಳಿಯುತ್ತದೆ.

ನಮ್ಮ ಹಿರಿಯರು ಭೂಮಿಯನ್ನು ತಾಯಿಯೆಂದು ಪೂಜಿಸುತ್ತಿದ್ದರು, ಅಗೆಯುವುದೆಲ್ಲ ಪರದೇಶದವರು ಕಲಿಸಿದ್ದು ಎಂದು ಭಾಷಣಗಳಲ್ಲಿ ಕೇಳಿಬರುತ್ತದೆ. ಶಾಸನಗಳು ಹಾಗೆ ಹೇಳುವುದಿಲ್ಲ. ಬಿ.ಎಲ್. ರೈಸ್ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟವಾಗಿ ಪ್ರಕಟಿಸಿದರು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರಿನದೇ ಹೆಸರು. ವಿಜಯನಗರ ಮತ್ತು ಕೆಳದಿ ಕಾಲದ ದಾನಪತ್ರಗಳಲ್ಲಿ ಊರೊಂದನ್ನು ಬಿಟ್ಟುಕೊಡುವಾಗ ಅಷ್ಟಭೋಗಗಳ ಸಮೇತ ಕೊಡುವುದು ವಾಡಿಕೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿಯ ನಿಧಿ, ನೀರು, ಕಲ್ಲು ಮಾತ್ರವಲ್ಲ, ಮುಂದೆ ಬರಬಹುದಾದ ಆದಾಯ, ಇನ್ನೂ ಕೈಗೂಡದ ಸಾಧ್ಯತೆ ಎಲ್ಲವೂ ಪತ್ರದಲ್ಲಿ ಸೇರಿತ್ತು. ಕೌಟಿಲ್ಯನಂತೂ ಗಣಿಗಳಿಗೆ ಒಬ್ಬ ಅಧ್ಯಕ್ಷನನ್ನೇ ನೇಮಿಸಿ, ಬೊಕ್ಕಸದ ಬುಡ ಗಣಿಯಲ್ಲಿದೆ ಎಂದ. 1887ರಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಮೈಸೂರಿನ ಚಿನ್ನದ ಸೀಮೆಗಳನ್ನು ಸುತ್ತಿದಾಗ ಅಲ್ಲಲ್ಲಿ ಹಳೆಯ ಗಣಿಗುಂಡಿಗಳೂ, ಹಳ್ಳದ ಮರಳು ಜಾಲಿಸಿ ಚಿನ್ನದ ಹುಡಿ ತೆಗೆಯುವ ಜಾಲಗಾರರೂ ಅವರಿಗೆ ಕಂಡರು. ಅಗೆಯುವುದು ಇಲ್ಲಿ ಹೊಸದಲ್ಲ.

ಆದರೆ ಅದೇ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪವಿರುತ್ತದೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು. ಹಕ್ಕನ್ನು ಎಂಟು ಬಗೆಯಾಗಿ ಬಿಡಿಸಿ ಬರೆದವರೇ ಹಕ್ಕಿಗೆ ಒಂದು ಎಲ್ಲೆ ಬೇಕೆಂದು ಭಯದಿಂದ ಬರೆದರು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇಗುಲಕ್ಕೆ ಶಾಸನ ರಚಿಸಿದವನು ಕವಿ ಜನ್ನ. ಇಂಥ ದೇಗುಲಗಳಿಗೆ ದೇವರ ಹೆಸರಿನಲ್ಲಿ ಭೂಮಿ ಕೊಡುವಾಗ ಅರಸರು ತಮ್ಮ ನಂತರದ ಅರಸರನ್ನೇ ಹೆಚ್ಚು ಅನುಮಾನಿಸುತ್ತಿದ್ದರು. ಇಂದಿನ ಸರ್ಕಾರಗಳಿಗೂ ಆ ಅನುಮಾನ ಒಪ್ಪುತ್ತದೆ.

ಕಾನೂನಿನ ಮಾತು ಇನ್ನೂ ಕುತೂಹಲದ್ದು. ನೆಲದಡಿಯ ಖನಿಜವೆಲ್ಲ ಸರ್ಕಾರದ್ದು ಎಂಬುದು ಹಳ್ಳಿಯ ಕಟ್ಟೆಯಿಂದ ಕಚೇರಿಯ ತನಕ ಎಲ್ಲರ ನಂಬಿಕೆ. 2013ರ ಜುಲೈನಲ್ಲಿ ಕೇರಳದ ತ್ರೇಸಿಯಮ್ಮ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಹೇಳಿತು: ಕಾನೂನಿನ ಪ್ರಕಾರ ಕಸಿದುಕೊಂಡಿರದಿದ್ದರೆ ಅಡಿಯ ಖನಿಜದ ಒಡೆತನ ಮೇಲಿನ ನೆಲದ ಒಡೆತನವನ್ನೇ ಹಿಂಬಾಲಿಸುತ್ತದೆ. ಗಣಿಗೆ ಪರವಾನಗಿ ಕೊಡುವ, ಕೊಡದಿರುವ ಅಧಿಕಾರ ಮಾತ್ರ ಸರ್ಕಾರದ್ದು. ಹೀಗೆ ರೈತನಿಗೆ ಒಡೆತನ ಸಿಕ್ಕಿತು. ಬೆಟ್ಟದ ನೀರು ಕುಡಿಯುವ ಕೆಳಗಿನ ಹಳ್ಳಿಗೆ, ಬೆಟ್ಟಕ್ಕೆ ಹರಕೆ ಹೊತ್ತವನಿಗೆ ಏನು ಸಿಕ್ಕಿತು ಎಂದು ಕೇಳಿದರೆ ಆ ತೀರ್ಪಿನಲ್ಲಿ ಉತ್ತರವಿಲ್ಲ; ಅದು ಆ ಪ್ರಕರಣದ ಪ್ರಶ್ನೆಯೂ ಆಗಿರಲಿಲ್ಲ.

ಧರ್ಮಗಳು ಇಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಜೈನರು ಮಣ್ಣು, ಕಲ್ಲು, ಲೋಹಗಳಲ್ಲೂ ಜೀವವಿದೆ ಎನ್ನುತ್ತಾರೆ. ಪೃಥ್ವಿಯನ್ನೇ ಮೈಯಾಗಿ ಪಡೆದ ಜೀವಗಳವು. ಹನ್ನೆರಡನೇ ಶತಮಾನದ ಹೇಮಚಂದ್ರ ತನ್ನ ಯೋಗಶಾಸ್ತ್ರದಲ್ಲಿ ಶ್ರಾವಕರು ಬಿಡಬೇಕಾದ ಹದಿನೈದು ಕಸುಬುಗಳಲ್ಲಿ ನೆಲ ಅಗೆಯುವುದನ್ನೂ ಕಲ್ಲು ಒಡೆಯುವುದನ್ನೂ ಸೇರಿಸಿದ. ಆ ಲೆಕ್ಕದಲ್ಲಿ ಕೆರೆ ತೋಡುವುದೂ ಹಿಂಸೆಯೇ. ಕಡೂರಿನಂಥ ಬರದ ಸೀಮೆಯಲ್ಲಿ ಇದನ್ನು ಯಾರು ಒಪ್ಪಿಯಾರು? ಇಲ್ಲಿ ಕೆರೆ ಕಟ್ಟಿಸುವುದು ಮಗನನ್ನು ಹೆತ್ತಷ್ಟೇ ದೊಡ್ಡ ಪುಣ್ಯ, ಸಪ್ತಸಂತಾನಗಳಲ್ಲಿ ಒಂದು. ಮಣ್ಣು ಕಲ್ಲಿನ ಕೆಲಸದವರಾದ ಭೋವಿಗಳು ಗುರುವೆಂದು ನಂಬುವ ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸಿಯೇ ಶರಣನಾದವನು. ಈಗ ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಗುಡ್ಡ ಕೊರೆದು ಸುಮಾರು ಏಳು ಕಿಲೋಮೀಟರ್ ಸುರಂಗ ಮಾಡಿದ್ದಾರೆ. ಲಕ್ಕವಳ್ಳಿ ಜಲಾಶಯದ ನೀರನ್ನು ಎತ್ತಿ ಅದರ ಮೂಲಕ ಚಿತ್ರದುರ್ಗದ ಕಡೆಗೆ ಹಾಯಿಸುವುದಕ್ಕೆ. ಆ ಡೈನಮೈಟಿಗೂ ಅದಿರಿನ ಡೈನಮೈಟಿಗೂ ಕಲ್ಲಿಗೆ ಆಗುವ ನೋವು ಒಂದೇ. ಜನ ಒಂದನ್ನು ಸ್ವಾಗತಿಸುತ್ತಾರೆ, ಇನ್ನೊಂದಕ್ಕೆ ಅಂಜುತ್ತಾರೆ. ಯಾಕೆಂದರೆ ಅವರು ಅಗೆತವನ್ನು ಅಳೆಯುವುದು ಗುಂಡಿಯ ಆಳದಿಂದಲ್ಲ. ತೆಗೆದದ್ದು ಎಲ್ಲಿಗೆ ಹೋಯಿತು, ಯಾರ ಮನೆಗೆ ಬಂತು ಎಂಬುದರಿಂದ. ಈ ಅಳತೆ ಶಾಸ್ತ್ರದ ಅಳತೆಗಿಂತ ಮೇಲು ಎಂದೇ ಹೇಳಬೇಕು.

ತುಳುನಾಡಿನಲ್ಲಿ, ಕಾಸರಗೋಡಿನ ಹಳ್ಳಿಗಳಲ್ಲೂ, ಫೆಬ್ರುವರಿಯ ಹೊತ್ತಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ದಿನಗಳಲ್ಲಿ ಹಾರೆ ಪಿಕಾಸಿ ಮುಟ್ಟುವಂತಿಲ್ಲ, ಉಳುವಂತಿಲ್ಲ, ಗಿಡ ಕಡಿಯುವಂತಿಲ್ಲ. ಹುರಿದ ಧಾನ್ಯದ ನನ್ನೇರಿ ಮಾಡುತ್ತಾರೆ. ಕೊನೆಯ ದಿನ ಮನೆಯ ಹೆಂಗಸರು ಅಂಗಳದಲ್ಲಿ ಅರಿಶಿನ, ಕುಂಕುಮ, ಸೀಗೆ ಇಟ್ಟು, ಭೂಮಿಗೆ ಎಣ್ಣೆ ಬಿಟ್ಟು ಮೀಯಿಸುತ್ತಾರೆ. ಶಿವಮೊಗ್ಗ ಸೀಮೆಯಲ್ಲಿ ಆಶ್ವೀಜದ ಹುಣ್ಣಿಮೆಗೆ ಭೂಮಿ ಬಸುರಿ. ದೀವರ ಮನೆಗಳಲ್ಲಿ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿ, ಬೆಳಗಿನ ಜಾವ ಗದ್ದೆಗೆ ಒಯ್ದು ಬಯಕೆ ತೀರಿಸುತ್ತಾರೆ. ಟ್ಲಿಂಗಿಟ್ ಹುಡುಗಿಯ ಕಥೆಯಲ್ಲಿ ಹಿಮಕ್ಕೆ ಕಿವಿಯಿದ್ದಂತೆ ಇಲ್ಲಿ ನೆಲಕ್ಕೆ ಮೈಯಿದೆ.

ಈ ಆಚರಣೆಗಳು ಅಗೆಯಬೇಡ ಎನ್ನುವುದಿಲ್ಲ. ವರ್ಷದ ಮುನ್ನೂರ ಅರವತ್ತೆರಡು ದಿನ ಅಗೆ, ಮೂರು ದಿನ ನಿಲ್ಲಿಸು ಎನ್ನುತ್ತವೆ. ಮೂರು ದಿನದಿಂದ ಭೂಮಿಗೆ ಆಗುವ ಲಾಭ ಹೆಚ್ಚಿರಲಾರದು. ಆದರೆ ಅಗೆಯುವವನಿಗೆ ಅದು ಕಲಿಸುವುದು ದೊಡ್ಡದು: ನೆಲ ಯಾವಾಗಲೂ ಒದಗುವ ವಸ್ತುವಲ್ಲ, ಅದರ ಮೈಗೂ ಒಂದು ಹೊತ್ತಿದೆ, ಒಪ್ಪಿಗೆಯಿಲ್ಲದ ಹೊತ್ತೂ ಇದೆ. ಗಣಿ ಕಾಯ್ದೆಯಲ್ಲಿ ಇಲ್ಲದ್ದು ಇದೇ. ಕಾಯ್ದೆಗೆ ಲೀಸಿನ ಅವಧಿ ಗೊತ್ತು, ನೆಲದ ಹೊತ್ತು ಗೊತ್ತಿಲ್ಲ.

ಇದೇ ಬೆಟ್ಟಸಾಲಿನ ಬಾಬಾಬುಡನ್‌ಗಿರಿಯ ಗುಹೆಗೆ ದತ್ತಾತ್ರೇಯರ ಭಕ್ತರೂ ದಾದಾ ಹಯಾತ್ ಮೀರ್ ಕಲಂದರರ ಭಕ್ತರೂ ಬರುತ್ತಾರೆ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬುದು ಐತಿಹ್ಯ. ಗುಹೆ ಯಾರದೆಂಬ ವ್ಯಾಜ್ಯ ದಶಕಗಳಿಂದ ಕೋರ್ಟಿನಲ್ಲಿದೆ, ಬೀದಿಯಲ್ಲೂ ಇದೆ. ಬೆಟ್ಟ ಪವಿತ್ರ ಎಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಇಸ್ಲಾಮಿನ ಧರ್ಮಶಾಸ್ತ್ರ ಹೂತಿಟ್ಟ ನಿಧಿ ಸಿಕ್ಕರೆ ಐದರಲ್ಲಿ ಒಂದು ಪಾಲು ಸಮಾಜಕ್ಕೆ ಸಲ್ಲಬೇಕು ಎನ್ನುತ್ತದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಪ್ರವಾದಿ ವಚನವನ್ನು ನೆಚ್ಚಿಕೊಂಡು ಬಂದಿದೆ. ಇದು ತರೀಕೆರೆ, ಕಡೂರು, ಅಜ್ಜಂಪುರ ತಾಲ್ಲೂಕುಗಳಿಗೆ ಚೆನ್ನಾಗಿ ಅರ್ಥವಾಗಬೇಕಾದ ಮಾತು. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿಯ ರಾಸುಗಳ ಸಂವರ್ಧನಾ ಕೇಂದ್ರವಿದೆ. ಮೈಸೂರಿನ ಅರಸರೂ ಟಿಪ್ಪು ಸುಲ್ತಾನನೂ ಈ ಸೀಮೆಯ ಹುಲ್ಲುಗಾವಲುಗಳನ್ನು ಕಾವಲು ಎಂದು ಕಾಯ್ದಿಟ್ಟರು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳ ಸಲುವಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಯಾರೊಬ್ಬನ ಸ್ವತ್ತೂ ಅಲ್ಲದ ಹುಲ್ಲು ಯಾರದು ಎಂಬ ಪ್ರಶ್ನೆಗೆ ಅರಸೊತ್ತಿಗೆ ಕೊಟ್ಟ ಉತ್ತರ ಇಲ್ಲಿ ಇನ್ನೂ ಕಣ್ಣಿಗೆ ಕಾಣುವಂತೆ ಉಳಿದಿದೆ.

ಪವಿತ್ರತೆಯೊಂದೇ ಬೆಟ್ಟವನ್ನು ಉಳಿಸುತ್ತದೆಯೇ? ಕೇದಾರನಾಥದ ಕಡೆ ನೋಡಿದರೆ ಹೌದು ಎನ್ನುವ ಧೈರ್ಯ ಬರುವುದಿಲ್ಲ. ಆ ದೇವಾಲಯದ ರಾವಲರು ಕರ್ನಾಟಕ ಮೂಲದ ವೀರಶೈವರು. ಅವರ ಪಂಚಪೀಠಗಳಲ್ಲಿ ಒಂದು ಅಲ್ಲಿಯ ಊಖಿಮಠದಲ್ಲಿದ್ದರೆ ಇನ್ನೊಂದು ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿದೆ. ದೇಗುಲದ ನೆತ್ತಿಯ ಮೇಲಿನ ಚೋರಾಬಾರಿ ಹಿಮನದಿ ದಶಕಗಳಿಂದ ಹಿಂದೆ ಸರಿಯುತ್ತಿದೆ. 2013ರ ಜೂನ್‌ನಲ್ಲಿ ಅದರ ಮಗ್ಗುಲ ಸರೋವರ ಒಡೆದು ನುಗ್ಗಿ ಸಾವಿರಾರು ಜನ ಸತ್ತರು. ಅಲ್ಲಿ ಬೆಟ್ಟದ ಮೇಲೆ ಭಾರ ಹೇರಿದ್ದು ಗಣಿಯಲ್ಲ, ಭಕ್ತಿಯ ಹೆಸರಿನ ರಸ್ತೆ, ಹೋಟೆಲು, ಹೆಲಿಕಾಪ್ಟರುಗಳು. ಮುಳ್ಳಯ್ಯನಗಿರಿಯಲ್ಲಿ ವಾರದ ಕೊನೆಗೆ ಸಾಲುಗಟ್ಟುವ ಕಾರುಗಳೂ ಅದೇ ದಾರಿಯವು. ದೇವರಿದ್ದಾನೆಂದು ಬೆಟ್ಟ ಹತ್ತುವವರು ಬೆಟ್ಟವನ್ನೇ ದೇವರೆಂದು ಕಂಡಿದ್ದರೆ ಇಷ್ಟು ಕಾಂಕ್ರೀಟು ಬೇಕಾಗುತ್ತಿರಲಿಲ್ಲ.

ಕುದುರೆಮುಖವನ್ನು ಉಳಿಸಿದ್ದು ನದಿ. 1976ರಲ್ಲಿ ಹುಟ್ಟಿದ ಕಂಪನಿ ಇರಾನಿನ ಸಾಲ ನಂಬಿ ಆರಂಭಿಸಿದ ಕಬ್ಬಿಣದ ಗಣಿ ಅದು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ತೆರೆದ ಗಣಿ ತೋಡಿದರೆ ಮಣ್ಣು ಎಲ್ಲಿ ನಿಲ್ಲುತ್ತದೆ? ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಅಲ್ಲೇ ಪಕ್ಕದಲ್ಲಿ. ಕೆಂಪು ಹೂಳು ಭದ್ರೆಗಿಳಿಯಿತು. ಭದ್ರೆ ಅದನ್ನು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಅಣೆಕಟ್ಟೆಯ ಕಡೆಗೆ ಹೊತ್ತು ತಂದಳು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾರ್ಮಿಕರ ಊರು ಬರಿದಾಯಿತು. ಆ ಮನೆಗಳ ದುಃಖಕ್ಕೆ ಹೂಳಿನ ಲೆಕ್ಕ ಸಮಾಧಾನವಲ್ಲ. ಸುಮಾರು ಅದೇ ಕಾಲದಲ್ಲಿ ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹುಲಿಗೆ ಜಾಗ ಬಿಟ್ಟು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಮತ್ತಿತರ ಕಡೆಗೆ ಬಂದು ನೆಲೆಸಿದವು. ಕಾಡಿಗಾಗಿ ಎದ್ದುಬಂದ ಜನ ಈ ತಾಲ್ಲೂಕಿನಲ್ಲಿದ್ದಾರೆ. ನಾಳೆ ಅದೇ ಬೆಟ್ಟದ ಇನ್ನೊಂದು ಮಗ್ಗುಲನ್ನು ಲೋಹಕ್ಕಾಗಿ ತೆರೆಯುವುದಾದರೆ ಮೊದಲ ಉತ್ತರ ಕೊಡಬೇಕಾದದ್ದು ಅವರಿಗೆ.

ನಿಯಮಗಿರಿಯ ಉದಾಹರಣೆ ಇಲ್ಲಿ ಬೆಳಕು ಕೊಡುತ್ತದೆ. ಒಡಿಶಾದ ಆ ಬೆಟ್ಟದಲ್ಲಿ ಬಾಕ್ಸೈಟ್ ಇತ್ತು. ಡೋಂಗ್ರಿಯಾ ಕೋಂಧರಿಗೆ ಅದು ನಿಯಮರಾಜನ ಮನೆ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಬೆಟ್ಟ ದೇವರೋ ಅಲ್ಲವೋ ಎಂದು ತಾನು ತೀರ್ಮಾನಿಸಲು ಹೋಗಲಿಲ್ಲ. ಗ್ರಾಮಸಭೆಗಳನ್ನು ಕೇಳಿ ಎಂದಿತು. ಹನ್ನೆರಡು ಹಳ್ಳಿಗಳ ಸಭೆ ಸೇರಿತು, ಹನ್ನೆರಡೂ ಬೇಡ ಎಂದವು. ಧರ್ಮದ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಅತ್ಯಂತ ಧಾರ್ಮಿಕವಾದ ಉತ್ತರ ಅದು: ಪವಿತ್ರವೇ ಅಲ್ಲವೇ ಎಂದು ಹೇಳುವ ಹಕ್ಕು ಅದರೊಡನೆ ಬಾಳುವವರದು. ಬೇಕು ಎಂದು ಹೇಳುವ ಹಕ್ಕೂ ಅದರಲ್ಲೇ ಸೇರಿದೆ. ಕಡೂರಿನ ಒಣಭೂಮಿಯ ಹುಡುಗ ಬೆಂಗಳೂರಿಗೆ ಗುಳೆ ಹೋಗುವ ಬದಲು ಊರಲ್ಲೇ ಕೆಲಸ ಸಿಗುವುದಾದರೆ ಗಣಿ ಬರಲಿ ಎಂದರೆ ಅವನನ್ನು ಅಧರ್ಮಿ ಎನ್ನಲು ಯಾರಿಗೂ ಬಾಯಿಲ್ಲ. ಕೇಳಿದ ಮೇಲೆ ಬಂದ ಉತ್ತರ ಯಾವುದಾದರೂ ಅದಕ್ಕೊಂದು ಘನತೆಯಿರುತ್ತದೆ. ಕೇಳದೆ ತೆಗೆದದ್ದಕ್ಕೆ ಅದಿಲ್ಲ.

ಈಗ ನಡೆಯುತ್ತಿರುವುದು ಕೇಳುವುದನ್ನೇ ಕಡಿಮೆ ಮಾಡುವ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳ ಜೊತೆಗೆ ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳನ್ನೂ ಸಾರ್ವಜನಿಕ ಅಹವಾಲಿನಿಂದ ಹೊರಗಿಟ್ಟಿತು. ಮಾಲಿಬ್ಡಿನಂ ಆ ಪಟ್ಟಿಯಲ್ಲಿದೆ. ದೇಶದ ರಕ್ಷಣೆಗೆ, ಸ್ವಾವಲಂಬನೆಗೆ ತುರ್ತು ಬೇಕು ಎಂಬುದು ಕಾರಣ. ತುರ್ತು ಸುಳ್ಳಲ್ಲ. ಆದರೆ 270 ಕೋಟಿ ವರ್ಷ ಕಾದ ಕಲ್ಲಿನ ಎದುರು ಒಂದು ದಿನದ ಊರ ಸಭೆಗೆ ಪುರುಸೊತ್ತಿಲ್ಲ ಎನ್ನುವ ಅವಸರವನ್ನು ಒಪ್ಪಲಾಗದು.

ಕರ್ನಾಟಕದಲ್ಲಿ ಒಡಿಶಾದಂತೆ ಪರಿಶಿಷ್ಟ ಪ್ರದೇಶಗಳಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮಾತ್ರ ಇಲ್ಲಿಗೂ ಅನ್ವಯಿಸುತ್ತದೆ, ಗ್ರಾಮಸಭೆಯೂ ಇದೆ. ಈ ಬೆಟ್ಟಸಾಲಿನಲ್ಲಿ ಯಾವ ಲೋಹಕ್ಕಾಗಲಿ ಕೊರೆಯುವ ಯಂತ್ರ ಹತ್ತುವ ಮೊದಲು ಸಂತವೇರಿಯಲ್ಲಿ, ತಣಿಗೆಬೈಲಿನಲ್ಲಿ, ಎಂ.ಸಿ. ಹಳ್ಳಿಯಲ್ಲಿ ಸಭೆ ಕರೆಯಬೇಕು. ಅಷ್ಟಕ್ಕೇ ನಿಲ್ಲಿಸದೆ ಅಯ್ಯನಕೆರೆ, ಮದಗದ ಕೆರೆಗಳ ಅಚ್ಚುಕಟ್ಟಿನವರನ್ನೂ ಕೂರಿಸಬೇಕು. ವೇದಾವತಿ ಹರಿದು ಸೇರುವ ಹಿರಿಯೂರಿನವರಿಗೂ ಆ ಸಭೆಯ ನೋಟಿಸು ಮುಟ್ಟಬೇಕು. ಇಂದು ಯಾವ ಕಾಯ್ದೆಯ ನಕ್ಷೆಯಲ್ಲೂ ಅವರು ಯೋಜನೆಯ ಬಾಧಿತರ ಸಾಲಿನಲ್ಲಿ ಬರುವುದಿಲ್ಲ.